ಗಾಜಿನ ತೊಟ್ಟಿಯೊಳಗಿನ ಸಂಸಾರ

ನಮ್ಮ ಮನೆಗೆ ಬಂದವರು ಪಡಸಾಲೆಯಲ್ಲಿ ಕುಳಿತು, ಚಹಾ ಕುಡಿದು, ಊರ ಕಡೆಯ ಕ್ಷೇಮಸಮಾಚಾರ ಮುಗಿಸಿದ ಮೇಲೆ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಮಾಸ್ತರ, ಮೀನ ತಿನ್ನದವರ ಮನ್ಯಾಗ ಈ ಮೀನಿನ ಪೆಟಗಿ ಯಾಕ್ರಿ?" ಪ್ರಶ್ನೆ ಸಹಜವಾದದ್ದೇ. ನೂಲದಂಥ ಊರಿನಲ್ಲಿ ಶಾಲೆಯ ಮುಖ್ಯಾಧ್ಯಾಪಕನಾದವನು ಎಮ್ಮೆ ಕಟ್ಟಿದರೆ ಯಾರೂ ಏನೂ ಕೇಳುವುದಿಲ್ಲ; ಮೀನು ಸಾಕಿದರೆ ಕೇಳುತ್ತಾರೆ. ಬಂದವರಿಗೆಲ್ಲ ಬಿಡಿಬಿಡಿಯಾಗಿ ಹೇಳುತ್ತ ಬಂದ ಉತ್ತರವನ್ನು ಇಂದು ವಾಚಕರ ಮುಂದೆ ಒಟ್ಟಾಗಿ ಇಡುತ್ತಿದ್ದೇನೆ. ಇದರಲ್ಲಿ ನನ್ನ ತಪ್ಪುಗಳೂ ಇವೆ. ಮಕ್ಕಳಿಗೆ ಲೆಕ್ಕ ಕಲಿಸುವಾಗ ಸರಿಯುತ್ತರದಷ್ಟೇ ತಪ್ಪು ಉತ್ತರವೂ ಉಪಯುಕ್ತವೆಂಬುದು ಶಿಕ್ಷಕರೆಲ್ಲರ ಅನುಭವ. ಆದುದರಿಂದ ಅವುಗಳನ್ನು ಮುಚ್ಚಿಡುವುದಿಲ್ಲ.

ನಾಲ್ಕು ವರ್ಷಗಳ ಹಿಂದೆ ನಮ್ಮ ಚಿರಂಜೀವಿಯು ಕೋಲ್ಹಾಪುರದಲ್ಲಿ ವಿದ್ಯಾಭ್ಯಾಸ ಮುಗಿಸಿ ಬಾಡಿಗೆಯ ಕೋಣೆ ಬಿಟ್ಟು ಬರುವಾಗ, ಪುಸ್ತಕಗಳೊಂದಿಗೆ ಎರಡಡಿ ಉದ್ದದ ಗಾಜಿನ ತೊಟ್ಟಿಯೊಂದನ್ನೂ ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕು ಮೀನುಗಳನ್ನೂ ತಂದನು. ಅವನ ತಾಯಿ ಹೊಸ್ತಿಲಲ್ಲಿಯೇ ತಡೆದು, "ಅಡಗೀಮನಿ ಕಡೆ ಇದರ ನೀರ ಒಂದ ಹನಿ ಬರಬಾರದು. ಆ ಮಾತ ಕೊಟ್ಟರ ಒಳಗ ತಗೊಂಡ ಬಾ" ಎಂದು ಕರಾರು ಹಾಕಿದಳು. ಮಾತು ಕೊಟ್ಟವನು ಮಗ. ಅವನು ಎರಡು ತಿಂಗಳೊಳಗೆ ನೌಕರಿಗೆಂದು ಪುಣೆಗೆ ಹೋದುದರಿಂದ ಅದನ್ನು ನಡೆಸುವ ಪಾಲು ನನಗೆ ಬಂದಿತು.

ಮೀನುಗಳು ನೋಡಲು ಸಾದಾ. ಬೂದುಬಣ್ಣದ ಮೈಮೇಲೆ ಬೆನ್ನಿನಿಂದ ಹೊಟ್ಟೆಯವರೆಗೆ ಎಳೆದ ಕಪ್ಪು ಪಟ್ಟೆಗಳು. ಹಳೆಯ ಕಾಲದ ಸೆರೆಮನೆಯ ಬಟ್ಟೆಯಂತೆ ಕಾಣುವುದರಿಂದ ಇವಕ್ಕೆ ಪೇಟೆಯಲ್ಲಿ 'ಕನ್ವಿಕ್ಟ್', ಎಂದರೆ ಕೈದಿ ಎಂಬ ಹೆಸರು. ಮಧ್ಯ ಅಮೇರಿಕದ ತೊರೆಗಳೂ ಸರೋವರಗಳೂ ಇವುಗಳ ತವರು. ತುಂಬ ಬೆಳೆದ ಗಂಡು ನಾಲ್ಕೈದು ಅಂಗುಲ. ಹೆಣ್ಣು ಅದಕ್ಕಿಂತ ಗಿಡ್ಡ, ಆದರೆ ಹೊಟ್ಟೆಯ ಮೇಲೆ ಕಿತ್ತಳೆ ಬಣ್ಣದ ಹೊಳಪಿರುವುದು ಅವಳಿಗೇ. ಪಕ್ಷಿಗಳಲ್ಲಿ ಗಂಡಿಗೆ ಬಣ್ಣ ಹೆಚ್ಚೆಂದು ಓದಿದವರಿಗೆ ಇಲ್ಲಿ ಮೊದಲನೆಯ ಆಶ್ಚರ್ಯ.

ಸಿಕ್ಲಿಡ್ ಎಂಬ ಕುಲ

ಕನ್ವಿಕ್ಟ್ ಮೀನು ಸೇರಿದ ಕುಲಕ್ಕೆ ಪ್ರಾಣಿಶಾಸ್ತ್ರದಲ್ಲಿ 'ಸಿಕ್ಲಿಡ್' ಎಂದು ಹೆಸರು. ಈವರೆಗೆ ಹೆಸರಿಟ್ಟು ವರ್ಣಿಸಿದ ಬಗೆಗಳೇ 1,700ಕ್ಕೆ ಮಿಕ್ಕಿವೆ. ಆಫ್ರಿಕದ ವಿಕ್ಟೋರಿಯಾ, ಟಾಂಗನಿಕಾ, ಮಲಾವಿ ಸರೋವರಗಳು ಇವುಗಳ ದೊಡ್ಡ ರಾಜ್ಯಗಳು. ದಕ್ಷಿಣ ಮತ್ತು ಮಧ್ಯ ಅಮೇರಿಕದಲ್ಲಿಯೂ ಇವು ವಿಪುಲ. ಶ್ರೀಮಂತರ ಮನೆಗಳಲ್ಲಿ ಕಾಣುವ ಏಂಜಲ್, ಆಸ್ಕರ್, ಹಣೆ ಉಬ್ಬಿದ ಫ್ಲವರ್‌ಹಾರ್ನ್ ಎಲ್ಲವೂ ಇದೇ ಬಳಗದವು.

ನಮ್ಮ ದೇಶಕ್ಕೆ ಸ್ವಂತವಾದ ಸಿಕ್ಲಿಡ್‌ಗಳು ಮೂರೇ ಮೂರು. ಕೇರಳದವರು 'ಕರಿಮೀನ್' ಎಂದು ಕರೆದು 2010ರಲ್ಲಿ ತಮ್ಮ ರಾಜ್ಯದ ಮೀನೆಂದು ಘೋಷಿಸಿದ್ದು ಒಂದು. ಕರಾವಳಿಯ ಹಿನ್ನೀರಿನಲ್ಲಿರುವ ಕಿತ್ತಳೆ ಬಣ್ಣದ ಚಿಕ್ಕ ಮೀನು ಇನ್ನೊಂದು. ಇದರ ಮರಿಗಳು ತಾಯಿತಂದೆಗಳ ಮೈಮೇಲಿನ ಲೋಳೆಯನ್ನು ಮೆದ್ದು ಬೆಳೆಯುತ್ತವೆ. ಮೂರನೆಯದರ ಹೆಸರು ಕೇಳಿದರೆ ಕನ್ನಡಿಗರಿಗೆ ಅಭಿಮಾನವೆನಿಸೀತು: 'ಎಟ್ರೋಪ್ಲಸ್ ಕೆನರೆನ್ಸಿಸ್', ಅಂದರೆ ಕೆನರಾದ ಮೀನು. ಫ್ರಾನ್ಸಿಸ್ ಡೇ ಎಂಬ ಮತ್ಸ್ಯಶಾಸ್ತ್ರಜ್ಞನು 1877ರಲ್ಲಿ ಇದಕ್ಕೆ ಈ ಹೆಸರನ್ನಿಟ್ಟನು. ದಕ್ಷಿಣ ಕನ್ನಡದ ಕುಮಾರಧಾರಾ ನದಿಯು ಇದರ ನೆಲೆಗಳಲ್ಲೊಂದು. ಮುಖ್ಯವಾಗಿ ಕರ್ನಾಟಕದ ನದಿಗಳಲ್ಲಿಯೇ ಈ ಮೀನು ಕಾಣಸಿಗುತ್ತದೆ. ಅಳಿವಿನ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿ ಇದೂ ಸೇರಿದೆ.

ಈ ಕುಲದ ಮೀನುಗಳಿಗೆ ಎರಡು ಗುಣಗಳು ಪ್ರಸಿದ್ಧ. ತತ್ತಿಯಿಟ್ಟು ಹೊರಟುಹೋಗುವ ಬಹುಪಾಲು ಮೀನುಗಳಂತಲ್ಲದೆ, ಇವು ತತ್ತಿಯನ್ನೂ ಮರಿಗಳನ್ನೂ ಕಾಯುತ್ತವೆ. ಮತ್ತು ತಮ್ಮದೆಂದು ಒಂದು ಜಾಗವನ್ನು ಗೊತ್ತುಮಾಡಿಕೊಂಡು, ಅದರ ಎಲ್ಲೆಯೊಳಗೆ ಬಂದವನ ಮೇಲೆ ಬಿದ್ದು ಕಾದಾಡುತ್ತವೆ. ನಾನು ಅಧ್ಯಾಪಕ ತರಬೇತಿಯಲ್ಲಿದ್ದಾಗ ಮ್ಯಾಕ್‌ಡೂಗಲ್ ಎಂಬ ಮನೋವಿಜ್ಞಾನಿ ಹೇಳಿದ 14 ಸಹಜ ಪ್ರವೃತ್ತಿಗಳನ್ನು ಬಾಯಿಪಾಠ ಮಾಡಿದ್ದೆವು. ಯುಯುತ್ಸೆ ಒಂದು, ಅದರ ಭಾವನೆ ಕ್ರೋಧ. ವಾತ್ಸಲ್ಯ ಇನ್ನೊಂದು, ಅದರ ಭಾವನೆ ಮಮತೆ. ಪರೀಕ್ಷೆಯಲ್ಲಿ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದು ಅಂಕ ಪಡೆದಿದ್ದೆ. ಅವೆರಡೂ ಒಂದೇ ನಾಣ್ಯದ ಎರಡು ಮುಖಗಳಾಗಿರಬಲ್ಲವೆಂದು ನನಗೆ ಕಲಿಸಿದವು ಈ ಪಟ್ಟೆಯ ಮೀನುಗಳು.

ಮೊದಲನೆಯ ತಪ್ಪು

ತೊಟ್ಟಿಗೆ ಉಸುಕು ಹಾಸಿ, ಅಂದಕ್ಕೆಂದು ಒಂದು ಚಿಕ್ಕ ಮಣ್ಣಿನ ಗಡಿಗೆಯನ್ನು ಅಡ್ಡ ಮಲಗಿಸಿ, ನಾಲ್ಕು ಮೀನುಗಳನ್ನು ಬಿಟ್ಟಿದ್ದೆವು. ಎರಡನೆಯ ವಾರದಲ್ಲಿ ಅವುಗಳಲ್ಲಿ ಎರಡು ಜೋಡಿಯಾಗಿ ಗಡಿಗೆಯನ್ನು ಹಿಡಿದವು. ಉಳಿದೆರಡು ಮೇಲಿನ ಮೂಲೆಯಲ್ಲಿ, ಫಿಲ್ಟರಿನ ನಳಿಗೆಯ ಹಿಂದೆ, ತಲೆ ಮೇಲಾಗಿ ನಿಂತುಬಿಟ್ಟವು. ನಾನು ಅದನ್ನು ಮಕ್ಕಳಾಟವೆಂದು ಬಗೆದೆ. ನಾಲ್ಕನೆಯ ದಿನ ಬೆಳಿಗ್ಗೆ ಒಂದು ಮೀನು ರೆಕ್ಕೆಗಳೆಲ್ಲ ಹರಿದು ಸತ್ತು ತೇಲುತ್ತಿತ್ತು.

ಪುಣೆಗೆ ಫೋನು ಮಾಡಿದಾಗ ಮಗ ಹೇಳಿದ್ದು ಇಷ್ಟೇ: "ಅಪ್ಪಾ, ಸೋತ ಮೀನಿಗೆ ಓಡಿ ಹೋಗಾಕ ಜಾಗಾ ಇರಬೇಕಲ್ಲರಿ?" ತೊರೆಯಲ್ಲಾದರೆ ಸೋತದ್ದು ಹತ್ತು ಮಾರು ಆಚೆ ಹೋಗಿಬಿಡುತ್ತದೆ; ಗೆದ್ದದ್ದು ತನ್ನ ಎಲ್ಲೆಗೆ ತಿರುಗುತ್ತದೆ; ಜಗಳ ಅಲ್ಲಿಗೆ ಮುಗಿಯುತ್ತದೆ. ಗಾಜಿನ ತೊಟ್ಟಿಯಲ್ಲಿ ಸೋತದ್ದು ಎಲ್ಲಿ ಹೋದರೂ ಗೆದ್ದದ್ದರ ಕಣ್ಣೆದುರಿಗೇ ಇರುತ್ತದೆ. ಆಗ ಕೊಂದದ್ದು ಮೀನಿನ ಸಿಟ್ಟಲ್ಲ, ಸಾಕಿದವನ ಏರ್ಪಾಡು.

ಮರುವಾರವೇ ಮೂರಡಿಯ ತೊಟ್ಟಿ ಮಾಡಿಸಿದೆ. ಹೊಸದಾಗಿ ಸಾಕುವವರಿಗೆ ಇದರ ಲೆಕ್ಕ ಉಪಯೋಗಕ್ಕೆ ಬಂದೀತು. ಉದ್ದ 90 ಸೆಂಟಿಮೀಟರ್, ಅಗಲ 38, ಎತ್ತರ 38. ಗುಣಿಸಿದರೆ ಸುಮಾರು 130 ಲೀಟರು ನೀರು. ನೀರೇ 130 ಕಿಲೊ. ಗಾಜು, ಕಲ್ಲು, ಉಸುಕು ಬೇರೆ. ಆದುದರಿಂದ ಹಳೆಯ ಮೇಜಿನ ಮೇಲಿಡದೆ ಗಟ್ಟಿಯಾದ ಕಬ್ಬಿಣದ ಸ್ಟ್ಯಾಂಡಿನ ಮೇಲೆಯೇ ಇಡತಕ್ಕದ್ದು. ಒಳಗೆ ಹಳ್ಳದ ನುಣುಪು ಕಲ್ಲುಗಳನ್ನು ಒಂದರ ಮೇಲೊಂದು ಒರಗಿಸಿ, ಒಂದು ತುದಿಯಲ್ಲಿ ನಿಂತ ಮೀನು ಇನ್ನೊಂದು ತುದಿಯನ್ನು ನೇರವಾಗಿ ಕಾಣದಂತೆ ಗೋಡೆ ಕಟ್ಟಬೇಕು. ಈ ಮೀನುಗಳು ಉಸುಕು ತೋಡುವುದರಲ್ಲಿ ಗಟ್ಟಿಗರಾದುದರಿಂದ ಕಲ್ಲುಗಳನ್ನು ಉಸುಕಿನ ಮೇಲಲ್ಲ, ತಳದ ಮೇಲೆಯೇ ಊರಬೇಕು. ಇಲ್ಲದಿದ್ದರೆ ಬುಡ ಸಡಿಲಾಗಿ ಗಾಜಿಗೆ ಬಡಿದೀತು. ಎರಡೂ ತುದಿಗಳಲ್ಲಿ ಒಂದೊಂದು ಗಡಿಗೆ ಇರಬೇಕು.

ನೀರಿನ ವಿಷಯವೂ ಅಷ್ಟೇ ಮುಖ್ಯ. ಗಡಸಾದ ಬೋರಿನ ನೀರು ಕನ್ವಿಕ್ಟ್‌ಗೆ ಒಗ್ಗುತ್ತದೆ. ನಳದ ನೀರಾದರೆ ಕ್ಲೋರಿನ್ ಹೋಗುವವರೆಗೆ ಒಂದು ದಿನ ಬಾಯಿ ತೆರೆದ ಪಾತ್ರೆಯಲ್ಲಿಟ್ಟು ಬಳಸಬೇಕು. ಉಷ್ಣತೆ 24ರಿಂದ 28 ಡಿಗ್ರಿ ಇದ್ದರೆ ಲೇಸು. ಮೀನಿನ ಹೊಲಸಿನಿಂದ ಅಮೋನಿಯಾ ಎಂಬ ವಿಷ ಹುಟ್ಟುತ್ತದೆ. ಕಣ್ಣಿಗೆ ಕಾಣದ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ಇನ್ನೊಂದು ಬಗೆಯದು ಅದನ್ನು ಹೆಚ್ಚು ಕೇಡಿಲ್ಲದ ನೈಟ್ರೇಟ್ ಮಾಡುತ್ತದೆ. ಹೊಸ ತೊಟ್ಟಿಯಲ್ಲಿ ಈ ಜೀವಿಗಳು ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಆದರೆ ಹಾಲಿಗೆ ಹೆಪ್ಪು ಹಾಕಿದಂತೆ, ಹಳೆಯ ತೊಟ್ಟಿಯ ಫಿಲ್ಟರಿನ ಸ್ಪಂಜನ್ನು ಹೊಸದರಲ್ಲಿಟ್ಟರೆ ಕೆಲಸ ಬೇಗ ಕೂಡುತ್ತದೆ. ನಾನು ಮಾಡಿದ್ದು ಹಾಗೆಯೇ. ಆ ಸ್ಪಂಜನ್ನು ನಳದ ನೀರಲ್ಲಿ ತಿಕ್ಕಿ ತೊಳೆಯಬಾರದು. ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಅದ್ದಿ ಹಿಂಡಬೇಕು. ವಾರಕ್ಕೊಮ್ಮೆ ನಾಲ್ಕನೆಯ ಒಂದು ಪಾಲು, ಎಂದರೆ ಎರಡೂವರೆ ಕೊಡದಷ್ಟು ನೀರನ್ನು ತೆಗೆದು ಹೊಸದು ಹಾಕುತ್ತೇನೆ. ತೆಗೆದ ನೀರು ನಮ್ಮ ಮಲ್ಲಿಗೆಯ ಬುಡಕ್ಕೆ ಬಹಳ ಮಾನಿಸಿದೆ. ಮನೆಯವಳ ಮನಸ್ಸು ಮೀನಿನ ಕಡೆಗೆ ಒಂದಿಷ್ಟು ತಿರುಗಿದ್ದು ಆ ಮಲ್ಲಿಗೆಯಿಂದಲೇ.

ತತ್ತಿ, ಮರಿ, ಕಾವಲು

ಹೊಸ ತೊಟ್ಟಿಯಲ್ಲಿ ಜೋಡಿ ಒಂದು ತುದಿಯಲ್ಲಿಯೂ ಒಂಟಿ ಮೀನು ಇನ್ನೊಂದು ತುದಿಯಲ್ಲಿಯೂ ನೆಲೆಯಾದವು. ನಡುವೆ ಕಲ್ಲಿನ ಗೋಡೆ. ದಿನಕ್ಕೆ ನಾಲ್ಕೈದು ಸಲ ಗಂಡು ಗೋಡೆಯವರೆಗೆ ನುಗ್ಗಿ, ಕಿವಿರು ಅಗಲಿಸಿ, ಬೆದರಿಸಿ ಬರುತ್ತಿತ್ತು. ಒಂಟಿ ಮೀನು ತನ್ನ ಗಡಿಗೆಯ ಒಳಗೆ ಸರಿಯುತ್ತಿತ್ತು. ರೆಕ್ಕೆ ಹರಿಯಲಿಲ್ಲ.

ಮೂರನೆಯ ವಾರ ಹೆಣ್ಣು ಗಡಿಗೆಯ ಒಳಮೈಯನ್ನು ಬಾಯಿಯಿಂದ ಕಚ್ಚಿ ಕಚ್ಚಿ ಸ್ವಚ್ಛ ಮಾಡಿ, ಅದರ ಛಾವಣಿಗೆ ಸಾಸಿವೆಗಿಂತ ಸಣ್ಣ ತತ್ತಿಗಳನ್ನು ಸಾಲಾಗಿ ಅಂಟಿಸಿತು. ಹಗಲಿರುಳು ತನ್ನ ರೆಕ್ಕೆಯಿಂದ ಅವುಗಳಿಗೆ ಗಾಳಿ ಹಾಕಿದಂತೆ ನೀರು ಬೀಸುತ್ತಿತ್ತು; ಕೆಟ್ಟು ಬೆಳ್ಳಗಾದ ತತ್ತಿಯನ್ನು ಹೆಕ್ಕಿ ತೆಗೆಯುತ್ತಿತ್ತು. ಮೂರು ದಿನಗಳಲ್ಲಿ ತತ್ತಿ ಒಡೆಯಿತು. ಈಜಲು ಬಾರದ ಆ ಮರಿಗಳನ್ನು ತಾಯಿತಂದೆಗಳು ಬಾಯಲ್ಲಿ ತುಂಬಿಕೊಂಡು, ಮೊದಲೇ ತೋಡಿಟ್ಟ ಉಸುಕಿನ ಕುಳಿಗೆ ಸಾಗಿಸಿದವು. ಮತ್ತೆ ನಾಲ್ಕೈದು ದಿನಗಳಲ್ಲಿ ಮರಿಗಳು ಹಿಂಡಾಗಿ ಎದ್ದು ಈಜತೊಡಗಿದವು.

ಅಲ್ಲಿಂದ ಮುಂದೆ ನಡೆದ ಕೆಲಸದ ಹಂಚಿಕೆಯನ್ನು ನೋಡಲು ನಮ್ಮ ಓಣಿಯ ಮಕ್ಕಳೆಲ್ಲ ಬಂದರು. ಹೆಣ್ಣು ಮರಿಗಳ ಹತ್ತಿರ. ಗಂಡು ಎಲ್ಲೆಯ ಮೇಲೆ. ಹೆಣ್ಣು ತಳದ ಕಸವನ್ನು ಕೆದಕಿ ಎಬ್ಬಿಸಿ ಮರಿಗಳಿಗೆ ಮೇವು ಮಾಡಿಕೊಡುತ್ತಿತ್ತು. ಅಂಗಡಿಯಲ್ಲಿ ಸಿಗುವ ಆರ್ಟೀಮಿಯಾ ಎಂಬ ಸಣ್ಣ ಸಿಗಡಿಯ ಮರಿಗಳು ಇವಕ್ಕೆ ಉತ್ತಮ ಆಹಾರ. ನಾನು ಮೀನಿನ ಒಣ ಆಹಾರವನ್ನೇ ಹಿಟ್ಟಿನಂತೆ ಅರೆದು ಬಟ್ಟೆಯಲ್ಲಿ ಸೋಸಿ, ದಿನಕ್ಕೆ ಮೂರು ಸಲ ಚಿಟಿಕೆಯಷ್ಟೇ ಹಾಕಿದೆ. ದೊಡ್ಡವಕ್ಕೆ ಸಿಪ್ಪೆ ತೆಗೆದ ಬೆಂದ ಬಟಾಣಿಯೂ ನಡೆಯುತ್ತದೆ.

ಸಂಜೆ ದೀಪ ಕಡಿಮೆಯಾದೊಡನೆ ದಾರಿ ತಪ್ಪಿದ ಮರಿಗಳನ್ನು ಅವು ಬಾಯಲ್ಲಿ ಹಿಡಿದು ಕುಳಿಗೆ ಉಗುಳುತ್ತವೆ. ಆಸ್ಟ್ರಿಯದ ಪ್ರಾಣಿವಿಜ್ಞಾನಿ ಕೊನ್ರಾಡ್ ಲೊರೆನ್ಸ್ ಇದೇ ಕುಲದ ಒಂದು ತಂದೆಮೀನಿನ ಪ್ರಸಂಗವನ್ನು ಬರೆದಿದ್ದಾರೆ. ಸಂಜೆ ಮರಿಗಳನ್ನು ಹೆಕ್ಕುತ್ತಿದ್ದ ಆ ಮೀನು ನಡುವೆ ಒಂದು ಹುಳವನ್ನು ಬಾಯಿಗೆ ಹಾಕಿಕೊಂಡಿತು. ಅಷ್ಟರಲ್ಲಿ ಒಂದು ಮರಿ ಕಂಡಿತು. ಅದನ್ನೂ ಬಾಯಿಗೆ ತೆಗೆದುಕೊಂಡಿತು. ಬಾಯಲ್ಲೀಗ ನುಂಗಬೇಕಾದದ್ದೊಂದು, ನುಂಗಬಾರದ್ದೊಂದು. ಕೆಲಹೊತ್ತು ಅಲುಗಾಡದೆ ನಿಂತ ಆ ಮೀನು, ಕೊನೆಗೆ ಎರಡನ್ನೂ ಉಗುಳಿ, ಮರಿಯ ಮೇಲೆ ಕಣ್ಣಿಟ್ಟೇ ಹುಳವನ್ನು ತಿಂದು, ಬಳಿಕ ಮರಿಯನ್ನೆತ್ತಿಕೊಂಡು ಮನೆಗೆ ಹೋಯಿತಂತೆ. ನೋಡುತ್ತಿದ್ದ ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರೆಂದು ಲೊರೆನ್ಸ್ ಹೇಳುತ್ತಾರೆ. 1973ರ ನೊಬೆಲ್ ಪಾರಿತೋಷಕವನ್ನು ಟಿನ್‌ಬರ್ಗೆನ್ ಮತ್ತು ಫಾನ್ ಫ್ರಿಶ್ ಅವರೊಂದಿಗೆ ಹಂಚಿಕೊಂಡವರು ಈ ಲೊರೆನ್ಸ್. ನನ್ನ ಎರಡನೆಯ ತಪ್ಪನ್ನು ನನಗೆ ಬಿಡಿಸಿ ಹೇಳಿದ್ದೂ ಅವರದೇ ಪುಸ್ತಕ.

ಎರಡನೆಯ ತಪ್ಪು

ಮರಿಗಳಾದ ಮೇಲೆ ಗಂಡಿನ ಸಿಟ್ಟು ಇಮ್ಮಡಿಸಿತು. ಒಂಟಿ ಮೀನಿನ ಮೇಲೆ ನನಗೆ ಕನಿಕರ ಹುಟ್ಟಿ, ಅದನ್ನು ಹಿಡಿದು ಹಿತ್ತಲ ಕೋಣೆಯಲ್ಲಿದ್ದ ಹಳೆಯ ತೊಟ್ಟಿಗೆ ಹಾಕಿದೆ. ಇನ್ನು ಸಂಸಾರ ಸುಖವಾಗಿರುತ್ತದೆಂದು ಭಾವಿಸಿ, ಮರುದಿನ ಮುಖ್ಯಾಧ್ಯಾಪಕರ ಸಭೆಗೆಂದು ಗಡಹಿಂಗ್ಲಜಕ್ಕೆ ಹೋದೆ. ಮಧ್ಯಾಹ್ನ ಮನೆಯಿಂದ ಫೋನು ಬಂದಿತು. "ರೀ, ನಿಮ್ಮ ಗಂಡ ಮೀನ ಆಕೀನ್ನ ಹೊಡಿಯಾಕ ಹತ್ತೈತಿ. ಬಾಲ ಹರದೈತಿ." ಗಂಡಹೆಂಡಿರ ಜಗಳವೆಂದು ನಾನು ನಕ್ಕು, "ಸಂಜೀಗೆ ಬಂದ ನೋಡತೇನ, ಬಿಡು" ಎಂದೆ.

ಸಂಜೆ ಬಂದು ನೋಡಿದಾಗ ತೊಟ್ಟಿಯ ಮೂಲೆಯಲ್ಲಿ ಹಿಟ್ಟಿನ ಸಾಣಿಗೆಯೊಂದು ಬೋರಲಾಗಿ ಮುಳುಗಿತ್ತು; ಅದರೊಳಗೆ ಹೆಣ್ಣು ಮೀನು ಉಸಿರಾಡುತ್ತಿತ್ತು. ತೊಟ್ಟಿಯ ನೀರನ್ನು ಅಡಿಗೆಮನೆಯ ಹತ್ತಿರ ಬರಗೊಡದವಳು ಅಡಿಗೆಮನೆಯ ಸಾಣಿಗೆಯನ್ನೇ ತಂದು, ಮೊಳಕೈವರೆಗೆ ಕೈ ಅದ್ದಿ, ಅದನ್ನು ಕಾಪಾಡಿದ್ದಳು. "ನಕ್ಕು ಬಿಟ್ಟಿದ್ದರ ಸಾಯತಿತ್ತು" ಎಂದಷ್ಟೇ ಅಂದಳು. ನಾನು ಮಾತಾಡಲಿಲ್ಲ.

ಲೊರೆನ್ಸ್ 1963ರಲ್ಲಿ ಆಕ್ರಮಣ ಪ್ರವೃತ್ತಿಯನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ ಇದರ ಕಾರಣ ಸಿಕ್ಕಿತು. ಇಂಥ ಜೋಡಿಗಳನ್ನು ಒಂದೊಂದಾಗಿ ಬೇರೆಯಾಗಿ ಇಟ್ಟರೆ ಗಂಡು ತನ್ನ ಸಿಟ್ಟನ್ನು ಕೊನೆಗೆ ಹೆಂಡತಿಯ ಮೇಲೆಯೇ ತೀರಿಸುತ್ತದೆ. ಪಕ್ಕದಲ್ಲಿ, ಗಾಜಿನ ಆಚೆ, ನೆರೆಯವನೊಬ್ಬನು ಕಾಣುತ್ತಿದ್ದರೆ ಸಿಟ್ಟೆಲ್ಲ ಅತ್ತ ಹೋಗಿ ಸಂಸಾರ ನೆಟ್ಟಗೆ ನಡೆಯುತ್ತದೆ. ಅವರ ಬಳಿಯಲ್ಲಿ ನಡುವಿನ ಗಾಜಿಗೆ ಪಾಚಿ ಕಟ್ಟಿ ನೆರೆಯವನು ಮಸುಕಾದಾಗಲೆಲ್ಲ ಒಳಗೆ ಗಂಡಹೆಂಡಿರ ಕಾದಾಟ ಶುರುವಾಗುತ್ತಿತ್ತಂತೆ. ಗಾಜು ಒರೆಸುವ ಕಾಲ ಬಂದಿತೆಂಬುದಕ್ಕೆ ಅದೇ ಗುರುತು!

ನಾನು ಕನಿಕರದಿಂದ ತೆಗೆದದ್ದು ವೈರಿಯನ್ನಲ್ಲ, ಎಲ್ಲೆಯನ್ನು. ಮರುದಿನ ಹಳೆಯ ತೊಟ್ಟಿಯನ್ನು ತಂದು ಹೊಸದರ ಮಗ್ಗುಲಿಗೇ ಹೊಂದಿಸಿದೆ. ಒಂಟಿ ಮೀನು ಕಂಡೊಡನೆ ಗಂಡು ಗಾಜಿಗೆ ಮೂತಿ ಹಚ್ಚಿ ಮೊದಲಿನಂತೆ ಕಾವಲು ನಿಂತಿತು. ನಾಲ್ಕು ದಿನ ಬಿಟ್ಟು ಸಾಣಿಗೆ ತೆಗೆದೆ. ಹೆಣ್ಣು ಮರಿಗಳ ನಡುವೆ ಹೋಯಿತು. ಗಂಡು ದಾರಿ ಬಿಟ್ಟಿತು. ಅದರ ಬಾಲದ ಅಂಚು ಇಂದಿಗೂ ಸರಿಯಾಗಿ ಕೂಡಿಲ್ಲ.

ಗಡಿಭಾಗದಲ್ಲಿ ಬಾಳುವ ನಮಗೆ ಮೀನಿನ ಈ ಸ್ವಭಾವ ಕೇಳಿ ನಗು ಬಂದರೆ ಆಶ್ಚರ್ಯವಿಲ್ಲ. ಆದರೆ ಮನುಷ್ಯನು ಮೀನಲ್ಲ. ಹೊರಗಿನ ಸಿಟ್ಟನ್ನು ಮನೆಗೆ ತಾರದಿರಲು ನಮಗೆ ಗಾಜಿನಾಚೆಯ ವೈರಿ ಬೇಕಾಗಬಾರದು.

ಮೂರನೆಯದು ತಪ್ಪಿದ್ದು ಕೂದಲೆಳೆಯಲ್ಲಿ

ಮರಿಗಳಲ್ಲಿ ಅರುವತ್ತಕ್ಕೂ ಹೆಚ್ಚು ಉಳಿದು ಒಂದಂಗುಲ ಬೆಳೆದವು. ಅಷ್ಟರಲ್ಲಿ ಜೋಡಿ ಮತ್ತೆ ತತ್ತಿಯಿಟ್ಟಿತು. ಕೋಲ್ಹಾಪುರದ ಅಂಗಡಿಯವರು, ಕನ್ವಿಕ್ಟ್ ಎಲ್ಲರ ಮನೆಯಲ್ಲಿಯೂ ಹೀಗೆಯೇ ಹೆಚ್ಚುತ್ತವೆ, ಬೇಡವೆಂದರು. ನಮ್ಮಲ್ಲಿ ಜೀವ ಕೊಲ್ಲುವ ಮಾತಂತೂ ಇಲ್ಲ. ಆಗ ಏಳನೆಯ ತರಗತಿಯ ಹುಡುಗನೊಬ್ಬನು, "ಗುರೂಜಿ, ಬಂಧಾರದಾಗ ಬಿಟ್ಟ ಬರತೇವ್ರಿ. ಜೀವಾ ಬಿಡಿಸಿದ ಪುಣ್ಯಾ ಬರತೈತಿ" ಎಂದನು. ಮಾತು ನನಗೂ ಹಿಡಿಸಿತು. ಎರಡು ಕೊಡಗಳಲ್ಲಿ ಮರಿಗಳನ್ನು ತುಂಬಿ, ನಾಲ್ವರು ಹುಡುಗರನ್ನು ಕರೆದುಕೊಂಡು ಹಿರಣ್ಯಕೇಶಿಯ ದಂಡೆಯವರೆಗೆ ಹೋದೆ.

ದಂಡೆಯಲ್ಲಿ ಬಲೆ ಕೊಡಹುತ್ತಿದ್ದ ಮುದುಕನೊಬ್ಬನು ಕೊಡದೊಳಗೆ ಇಣಿಕಿ ನೋಡಿ, "ಇವೂ ಚಿಲಾಪೀ ಜಾತಿನೇ ಅದಾವೇನ್ರಿ ಮಾಸ್ತರ? ಮದಲs ಬಲೀಗೆ ಅದ ಬೀಳತೈತಿ, ಹಳೇ ಮೀನ ಕಾಣವಲ್ವು" ಎಂದನು. ನನ್ನ ಕಾಲು ಅಲ್ಲಿಯೇ ನಿಂತಿತು. ಅವನು ಚಿಲಾಪಿ ಎಂದದ್ದು ತಿಲಾಪಿಯಾ ಮೀನನ್ನು. ಅದೂ ಆಫ್ರಿಕದ ಸಿಕ್ಲಿಡ್ಡೇ. 1952ರಲ್ಲಿ ಸಾಕಣೆಗೆಂದು ನಮ್ಮ ದೇಶಕ್ಕೆ ತಂದದ್ದು ಇಂದು ಕೆರೆ, ಜಲಾಶಯ, ನದಿಗಳಲ್ಲೆಲ್ಲ ಹಬ್ಬಿದೆ. ಗಂಡು ತಳದಲ್ಲಿ ಕುಳಿ ತೋಡಿ ಎಲ್ಲೆ ಕಾಯುತ್ತದೆ. ಹೆಣ್ಣು ತತ್ತಿಯನ್ನು ಬಾಯಲ್ಲಿಟ್ಟುಕೊಂಡು ಮರಿ ಮಾಡುತ್ತದೆ. ಹಾಗೆ ಕಾಯದ ನಮ್ಮ ಊರಿನ ಮೀನುಗಳು ಅದರೆದುರು ಹೇಗೆ ನಿಂತಾವು? ನಮ್ಮ ತೊಟ್ಟಿಯಲ್ಲಿ ಮೆಚ್ಚಿ ಚಪ್ಪಾಳೆ ತಟ್ಟಿದ ಗುಣವೇ ಪರರ ನೀರಿನಲ್ಲಿ ಆಕ್ರಮಣವಾಗುತ್ತದೆ. ಆಫ್ರಿಕದ ವಿಕ್ಟೋರಿಯಾ ಸರೋವರಕ್ಕೆ 1950ರ ದಶಕದಲ್ಲಿ ಮನುಷ್ಯರು ನೈಲ್ ಪರ್ಚ್ ಎಂಬ ದೊಡ್ಡ ಮೀನನ್ನು ತಂದು ಬಿಟ್ಟರು. ಮುಖ್ಯವಾಗಿ ಅದರ ದೆಸೆಯಿಂದ ಅಲ್ಲಿಯ ಸಿಕ್ಲಿಡ್‌ಗಳಲ್ಲಿಯೇ ನೂರಕ್ಕೂ ಹೆಚ್ಚು ಬಗೆಗಳು ಕಣ್ಮರೆಯಾದವು.

ನಮ್ಮ ಹಿರಣ್ಯಕೇಶಿಯೂ ಬರಿಯ ನೀರಲ್ಲ. ಅದು ಹುಟ್ಟುವ ಅಂಬೋಲಿಯಲ್ಲಿ, ದೇವಾಲಯದ ಕುಂಡದ ನೀರಿನಲ್ಲಿ ಸಿಕ್ಕ ಒಂದು ಪುಟ್ಟ ಮೀನನ್ನು ವಿಜ್ಞಾನಿಗಳು 2020ರಲ್ಲಿ ಹೊಸ ಬಗೆಯೆಂದು ಗುರುತಿಸಿ, ನದಿಯ ಹೆಸರನ್ನೇ ಇಟ್ಟು 'ಶಿಸ್ಟುರಾ ಹಿರಣ್ಯಕೇಶಿ' ಎಂದು ಕರೆದರು. 2021ರಲ್ಲಿ ಮಹಾರಾಷ್ಟ್ರ ಸರಕಾರವು ಆ ಸ್ಥಳವನ್ನು ಜೀವವೈವಿಧ್ಯದ ಪಾರಂಪರಿಕ ತಾಣವೆಂದು ಘೋಷಿಸಿತು. ಗಡಹಿಂಗ್ಲಜ, ಸಂಕೇಶ್ವರಗಳನ್ನು ಹಾಯ್ದು ಘಟಪ್ರಭೆಯನ್ನು ಸೇರುವ ಈ ನದಿಗೆ ರಾಜ್ಯದ ಎಲ್ಲೆ ಗೊತ್ತಿಲ್ಲ. ಇಲ್ಲಿ ಬಿಟ್ಟ ಮೀನು ಅಲ್ಲಿಗೂ ಹೋಗುತ್ತದೆ.

ಎರಡು ಕೊಡಗಳನ್ನೂ ಹೊತ್ತುಕೊಂಡು ತಿರುಗಿ ಬಂದೆವು. ದಾರಿಯಲ್ಲಿ ಆ ಹುಡುಗನು, "ಹಂಗಾದರ ಪುಣ್ಯಾ ಇಲ್ಲೇನ್ರಿ ಗುರೂಜಿ?" ಎಂದು ಕೇಳಿದನು. "ಇವನ್ನ ಸಾಯೂತನಕಾ ಸಾಕೂದ ಪುಣ್ಯಾ. ನಾವ ಹುಟ್ಟಿಸಿದ್ದು, ನಾವs ನೋಡಬೇಕು" ಎಂದೆ.

ಆ ಮಾತು ನಡೆಸಲು ಎರಡು ವರ್ಷ ಹಿಡಿಯಿತು. ತೊಟ್ಟಿಯುಳ್ಳ ಪರಿಚಿತರಿಗೆ, ನದಿಗೆ ಬಿಡುವುದಿಲ್ಲವೆಂಬ ಮಾತು ಪಡೆದು, ನಾಲ್ಕೈದರಂತೆ ಕೊಟ್ಟೆ. ಉಳಿದವಕ್ಕೆ ಹಿತ್ತಲಲ್ಲಿ ಸಿಮೆಂಟಿನ ತೊಟ್ಟಿ ಕಟ್ಟಿಸಿದೆ. ತತ್ತಿಯಿಟ್ಟ ಗಡಿಗೆಯನ್ನು ಅದೇ ದಿನ ತೆಗೆದು ಒಣಗಿಸುತ್ತೇನೆ. ಮರಿ ಬೇಡವಾದವರು ಗಂಡುಹೆಣ್ಣುಗಳನ್ನು ಬೇರೆಯಾಗಿಡುವುದೇ ಮೇಲು.

ಸಾಕಬೇಕೆನ್ನುವ ವಾಚಕರು ಮೊದಲು ತೊಟ್ಟಿಯ ಅಳತೆಯನ್ನು ನೋಡಲಿ, ಬಳಿಕ ಮೀನನ್ನು ತರಲಿ; ಮರಿಗಳಾದರೆ ಎಲ್ಲಿ ಇಡುವೆವೆಂಬುದನ್ನು ಅದಕ್ಕೂ ಮೊದಲೇ ಯೋಚಿಸಲಿ. ಈಗ ನಮ್ಮ ಪಡಸಾಲೆಯಲ್ಲಿ ಎರಡು ತೊಟ್ಟಿಗಳು ಮಗ್ಗುಲು ಮಗ್ಗುಲಾಗಿವೆ. ನಡುವಿನ ಗಾಜಿಗೆ ಪಾಚಿ ಕಟ್ಟಿದರೆ ಒರೆಸುವ ಕೆಲಸ ನನ್ನದು. ನಾನು ಮರೆತ ದಿನ ಅಡಿಗೆಮನೆಯಿಂದ ನೆನಪು ಮಾಡುವ ಧ್ವನಿ ಬರುತ್ತದೆ. ಸಾಣಿಗೆಯನ್ನು ಮಾತ್ರ ಅವಳು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅದು ತೊಟ್ಟಿಯ ಪಕ್ಕದ ಗೂಟಕ್ಕೆ ತೂಗುತ್ತಿದೆ.